ನಾಡಿಗೆ ಕಿವಿಗೊಡುವ ಹಾಳೆ

ಭಾರತ ಹುಣ್ಣಿಮೆಯ ಕಾಲಕ್ಕೆ ಉಗರಗೋಳದ ಮಾರ್ಗವಾಗಿ ಯಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಿಂದ ಸಾಗುವ ಜನಸಮೂಹವನ್ನು ನಾವು ಅನೇಕ ವರ್ಷಗಳಿಂದ ಕಂಡಿದ್ದೇವೆ. ನಡೆಯುತ್ತ ನಡೆಯುತ್ತ ಎದೆ ಹಿಡಿದುಕೊಂಡು ದಾರಿಯ ಬದಿಗೆ ಕುಳಿತುಬಿಡುವ ಹಿರಿಯರೂ ಅಲ್ಲಿರುತ್ತಾರೆ. “ಏನಿಲ್ಲರಿ, ದಣಿವಷ್ಟ” ಎಂಬುದೇ ಅವರ ಉತ್ತರ. ಅದು ದಣಿವೋ ಹೃದಯದ ವ್ಯಾಧಿಯೋ ಎಂಬುದು ತಿಳಿಯಬೇಕಾದರೆ ಸವದತ್ತಿಗೆ, ಅಲ್ಲಿಂದ ಮುಂದೆ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕಾಗುತ್ತದೆ. ಮೈಮೇಲಿದ್ದೇ ನಾಡಿಯನ್ನು ಎಡೆಬಿಡದೆ ಗಮನಿಸುವ ಸಾಧನದ ಬೆಲೆ ಇಂಥ ಊರುಗಳಿಗೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಅಂಥ ಸಾಧನಕ್ಕೆ ತಕ್ಕುದಾದ ಒಂದು ವಸ್ತುವಿನ ವಿಚಾರವನ್ನು ಇಲ್ಲಿ ಅರಿಕೆ ಮಾಡುತ್ತೇವೆ.

ತಾಯಂದಿರು ಒಲೆ ಹೊತ್ತಿಸಲು ಬಳಸುವ ಗ್ಯಾಸ್ ಲೈಟರನ್ನೇ ನೋಡಿರಿ. ಗುಂಡಿಯನ್ನು ಒತ್ತಿದೊಡನೆ ಒಳಗಿನ ಚಿಕ್ಕ ಸುತ್ತಿಗೆಯೊಂದು ಪಿಂಗಾಣಿಯಂಥ ತುಣುಕಿಗೆ ಬಡಿಯುತ್ತದೆ, ಕಿಡಿ ಹಾರುತ್ತದೆ. ಒತ್ತಡದಿಂದ ಹುಟ್ಟುವ ಈ ವಿದ್ಯುತ್ತಿಗೆ ಪೀಜೋ ವಿದ್ಯುತ್ತು ಎಂದು ಹೆಸರು. ಇದನ್ನು ಫ್ರಾನ್ಸಿನ ಜಾಕ್ ಮತ್ತು ಪಿಯೆರ್ ಕ್ಯೂರಿ ಸಹೋದರರು 1880ರಲ್ಲಿ ಹರಳುಗಳಲ್ಲಿ ಕಂಡುಹಿಡಿದರು. 1957ರಲ್ಲಿ ಜಪಾನಿನ ಫುಕಾಡಾ ಮತ್ತು ಯಾಸುಡಾ ಎಂಬ ವಿಜ್ಞಾನಿಗಳು ಎಲುಬಿನಲ್ಲಿಯೂ ಈ ಗುಣವಿದೆಯೆಂದು ತೋರಿಸಿದರು.

ಆದರೆ ಪಿಂಗಾಣಿ ಬಾಗದು, ಬಾಗಿಸಿದರೆ ಒಡೆಯುತ್ತದೆ. ಹೆಚ್ಚಾಗಿ ಬಳಕೆಯಲ್ಲಿರುವ ಪಿಂಗಾಣಿಯಲ್ಲಿ ಸೀಸವೂ ಇರುವುದರಿಂದ ಅದನ್ನು ದೇಹದೊಳಗೆ ಇಡುವುದು ಅಪಾಯಕರ. 1969ರಲ್ಲಿ ಜಪಾನಿನ ಕವಾಯಿ ಎಂಬವರು ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ಈ ಶಕ್ತಿ ಪ್ರಬಲವಾಗಿದೆಯೆಂದು ಪ್ರಕಟಿಸಿದರು. ಇದರ ಅಣುಸರಪಳಿಯ ಒಂದು ಮಗ್ಗುಲಲ್ಲಿ ಹೈಡ್ರೋಜನ್, ಇನ್ನೊಂದು ಮಗ್ಗುಲಲ್ಲಿ ಫ್ಲೋರಿನ್ ನಿಲ್ಲಬಲ್ಲವು. ಮೊದಲನೆಯದು ಧನ, ಎರಡನೆಯದು ಋಣ. ಸಹಜವಾಗಿ ಸರಪಳಿಗಳು ಅಡ್ಡಾದಿಡ್ಡಿಯಾಗಿ ಬಿದ್ದು ಒಂದರ ಬಲವನ್ನು ಇನ್ನೊಂದು ಅಳಿಸುತ್ತದೆ. ಹಾಳೆಯನ್ನು ಹಿಗ್ಗಿಸಿ, ಪ್ರಬಲ ವಿದ್ಯುತ್ ಕ್ಷೇತ್ರದಲ್ಲಿ ಇಟ್ಟರೆ, ಗಾಳಿಗೆ ಒಂದೇ ಕಡೆಗೆ ವಾಲಿದ ಜೋಳದ ಬೆಳೆಯಂತೆ ಅವೆಲ್ಲವೂ ಒಂದು ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಬಳಿಕ ಹಾಳೆ ಮಿಡಿದಂತೆಲ್ಲ ವಿದ್ಯುತ್ತು ಮೂಡುತ್ತದೆ.

ಈ ವಿದ್ಯೆ ನಮ್ಮ ನಾಡಿಗೂ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ವಿಜ್ಞಾನಿಗಳು ಕೂಡಿ, ಇಂಥ ವಿಶಾಲವಾದ ಹಾಳೆಯ ಸಂವೇದನ ಗುಣಗಳನ್ನು ಕುರಿತು 2010ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಇದೇ ಪ್ರಯೋಗಾಲಯದವರು 2015ರಲ್ಲಿ ಈ ಪ್ಲಾಸ್ಟಿಕ್ಕಿಗೆ ಪಿಂಗಾಣಿಯ ಪುಡಿ ಬೆರೆಸಿದ ಮಿಶ್ರವಸ್ತುಗಳನ್ನು ವಿಮರ್ಶಿಸಿದ್ದಾರೆ.

ಇಲ್ಲಿ ಒಂದು ವಿವೇಕ ಅವಶ್ಯ. ಈ ಹಾಳೆಯಿಂದ ದೇಹವೇ ವಿದ್ಯುದಾಗಾರವಾಗುತ್ತದೆ ಎಂದು ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಒತ್ತಿದಾಗ ಇದು ಕೊಡುವ ವಿದ್ಯುದಂಶವು ಪಿಂಗಾಣಿ ಕೊಡುವುದರ ಸುಮಾರು ಹತ್ತನೆಯ ಒಂದು ಪಾಲು, ಇಲ್ಲವೆ ಅದಕ್ಕೂ ಕಡಿಮೆ. ಹೃದಯದ ಬಡಿತದಿಂದಲೇ ವಿದ್ಯುತ್ತು ಪಡೆಯುವ ಪ್ರಯೋಗವು ಹಸು ಮತ್ತು ಕುರಿಗಳಲ್ಲಿ ನಡೆದ ವರದಿ 2014ರಲ್ಲಿ ಬಂದಿತು. ಅಲ್ಲಿಯೂ ಬಳಸಿದ್ದು ಬಾಗುವ ಪ್ಲಾಸ್ಟಿಕ್ಕಿನ ಮೇಲೆ ಕೂರಿಸಿದ ಪಿಂಗಾಣಿಯ ತೆಳುಪಟ್ಟಿಗಳನ್ನು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಬ್ಯಾಟರಿ ಮುಗಿದಾಗ ಮತ್ತೆ ಶಸ್ತ್ರಕ್ರಿಯೆಗೆ ಒಳಗಾಗುವ ಕಷ್ಟ ತಪ್ಪಲೆಂಬುದು ಅದರ ಆಶಯ.

ನಮ್ಮ ಅಭಿಪ್ರಾಯದಲ್ಲಿ ಈ ಹಾಳೆಯ ನಿಜವಾದ ಕಾಯಕವು ದುಡಿದು ಕೊಡುವುದಲ್ಲ, ಕಿವಿಗೊಡುವುದು. ಒತ್ತಿ ಹಿಡಿದರೆ ಅದು ಮೌನ ತಾಳುತ್ತದೆ. ಒತ್ತಡ ಬದಲಾದಾಗ ಮಾತ್ರ ನುಡಿಯುತ್ತದೆ. ನಾಡಿಯೆಂಬುದು ನಿರಂತರ ಬದಲಾವಣೆಯೇ ಆದುದರಿಂದ ಮಣಿಕಟ್ಟಿನ ಮೇಲೆ ಅಂಟಿಸಿದ ತೆಳುಹಾಳೆಯು ಒಂದೊಂದು ಮಿಡಿತವನ್ನೂ ಗುರುತಿಸಬಲ್ಲದು. ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿದರೆ ಅಣುಗಳ ಸಾಲು ಕೆಡುವುದರಿಂದ ಇದನ್ನು ಕುದಿಸಿ ಶುದ್ಧಿಮಾಡಲಾಗದು. ದೇಹದಲ್ಲಿ ಕಾಲಕ್ರಮೇಣ ಕರಗುವ ಪಾಲಿಲ್ಯಾಕ್ಟಿಕ್ ಆಮ್ಲದಲ್ಲಿಯೂ ಈ ಗುಣವಿರುವುದರಿಂದ, ಮೂಳೆ ಕೂಡಿಸುವ ಕಾರ್ಯಕ್ಕೆ ಅದನ್ನು ಒದಗಿಸುವ ಸಂಶೋಧನೆಯೂ ಸಾಗಿದೆ.

ಓದುಗ ಬಂಧುಗಳೇ, ಕಿವಿ ಕೇಳಬಲ್ಲದು, ನಿರ್ಣಯಿಸಲಾರದು. ನಾಡಿಯ ಲೆಕ್ಕವನ್ನು ಸಾಧನ ಹೇಳಬಹುದು. ಅದರ ಅರ್ಥವನ್ನು ವೈದ್ಯರೇ ಹೇಳಬೇಕು. ಆದುದರಿಂದ ಮನೆಯ ಹಿರಿಯರು “ದಣಿವಷ್ಟ” ಎಂದಾಗ ಮೊದಲು ಕಿವಿಗೊಡಬೇಕಾದವರು ಮಕ್ಕಳು, ಸೊಸೆಯಂದಿರು. ಎದೆನೋವಿದ್ದರೆ ಜಾತ್ರೆ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯುವುದೇ ಲೇಸು.