ವಿಷ ಅಳೆಯುವವರ ಸಂಘಕ್ಕೆ ಯಜಮಾನರು ಯಾರು?

ನಾವು ತೋಟಕ್ಕೆ ಹೊಡೆಯುವ ಔಷಧಿ ಮಣ್ಣು, ನೀರು, ಜೀವಿಗಳಿಗೆ ಏನು ಮಾಡುತ್ತದೆಂದು ಪರೀಕ್ಷಿಸುವ ವಿಜ್ಞಾನಿಗಳಿಗೂ ಸಂಘಗಳುಂಟು. 1979ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಸೆಟಾಕ್’ ಅಂಥದ್ದು. ಅದರ ಆಡಳಿತದಲ್ಲಿ ವಿಶ್ವವಿದ್ಯಾಲಯ, ಸರ್ಕಾರ, ಉದ್ಯಮ, ಈ ಮೂರೂ ಕಡೆಯವರಿಗೆ ಸಮಪಾಲು. ಔಷಧಿ ಮಾರುವವರ ಮಾತೊಂದೇ ನಡೆಯಬಾರದೆಂಬುದು ಇದರ ಮರ್ಮ.

ಆದರೆ ಮೊದಲ ಎಚ್ಚರಿಕೆ ದೊಡ್ಡ ಸಂಘದಿಂದಲೇ ಬರಬೇಕೆಂದಿಲ್ಲ. ಕಾಸರಗೋಡಿನ ಸರ್ಕಾರಿ ನಿಗಮದ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಪಡ್ರೆ ಗ್ರಾಮದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳನ್ನು ಕಂಡು, ಒಂದೇ ಊರಿನಲ್ಲಿ ಇಷ್ಟೊಂದು ಕಾಯಿಲೆಗಳೇಕೆ ಎಂದು ಕೇಳಿದರು. ಅದೇ ಊರಿನ ಕೃಷಿ ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ವಿಜ್ಞಾನಿಗಳ ಅಧ್ಯಯನ ಬಂದದ್ದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟು ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ದೇಶಾದ್ಯಂತ ತಡೆಯಿತು.

ಮಿಡಿಗೇಶಿಯ ನಮಗೂ ಇದರಲ್ಲಿ ಪಾಠವಿದೆ. ಹೊಡೆದ ಔಷಧಿಯ ಹೆಸರು, ಅಳತೆ, ದಿನಾಂಕ ಬರೆದಿಡಿ. ಸಿಂಪಡಿಸಿದ ಆಳಿಗೆ ತಲೆ ಸುತ್ತಿದರೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಿರಿ, ಅದನ್ನೂ ಬರೆಯಿರಿ. ಆ ಪುಸ್ತಕವನ್ನು ಸಂಘದ ಸಭೆಗೆ ತನ್ನಿ. ಯಜಮಾನಿಕೆಯೆಂದರೆ ಕುರ್ಚಿಯಲ್ಲ, ಮೊದಲು ಕಂಡವನ ಮಾತಿಗೆ ಕಿವಿಗೊಡುವುದು.

— ಕಾರ್ಯದರ್ಶಿ