ಮನೆ ಖಾಲಿ ಮಾಡ್ತಿದ್ದೀರಾ? ರದ್ದಿಗೆ ಹಾಕೋ ಮುಂಚೆ ಈ ಕಾಗದ ತೆಗೆದಿಡಿ

ವಾಡಿ, ಶಹಾಬಾದ್, ಸೇಡಂ ಕಡೆ ಸಿಮೆಂಟ್ ಕಾರ್ಖಾನೆ, ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಇರೋರು ವರ್ಗಾವಣೆ, ನಿವೃತ್ತಿ ಬಂದರೆ ಮನೆ ಬಿಡಲೇಬೇಕು. ಸಾಮಾನು ಕಟ್ಟೋ ಗಡಿಬಿಡಿಯಲ್ಲಿ ಹಳೆ ಟ್ರಂಕಿನ ಕಾಗದವೆಲ್ಲ ರದ್ದಿ ಅಂಗಡಿ ಸೇರುತ್ತದೆ. ನಷ್ಟ ಆಗೋದು ಅಲ್ಲೇ.

2013ರಲ್ಲಿ ಜಾರಿಗೆ ಬಂದ 371(ಜೆ) ಅಡಿ ನಮ್ಮ ಭಾಗದ ಮಕ್ಕಳಿಗೆ ವೃತ್ತಿ ಶಿಕ್ಷಣದ ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ. ಅದರ ಪ್ರಮಾಣಪತ್ರ ಪಡೆಯಲು ಇಲ್ಲಿಯವರೇ ಎಂಬುದಕ್ಕೆ ಎಸಿ ಕಚೇರಿಗೆ ದಾಖಲೆ ಕೊಡಬೇಕು. ಹಾಗಾಗಿ ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ವ್ಯಾಸಂಗ ಪತ್ರ, ಹಳೆ ರೇಷನ್ ಕಾರ್ಡ್, ತಂದೆ-ತಾಯಿಯ ದಾಖಲೆ ಒಂದನ್ನೂ ಒಗೆಯಬೇಡಿ.

ಮೊದಲು ಕಾಗದ ವಿಂಗಡಿಸಿ. ಆಮೇಲೆ ಪಾತ್ರೆ-ಬಟ್ಟೆಯನ್ನು ಒಯ್ಯೋದು, ಕೊಡೋದು, ಮಾರೋದು ಅಂತ ಮೂರು ಪಾಲು ಮಾಡಿ. ದಾಖಲೆ ಚೀಲ ಲಾರಿಗೆ ಹಾಕದೆ ಕೈಯಲ್ಲೇ ಇರಲಿ.

ಜಾಗ ಬದಲಿಸೋ ಅಂಗಡಿಯವರೂ ಹುಷಾರು: ಜಿಎಸ್‌ಟಿ ನೋಂದಣಿ ಇದ್ದರೆ, ವಾರ್ಷಿಕ ರಿಟರ್ನ್‌ನ ಕೊನೆ ದಿನದಿಂದ 72 ತಿಂಗಳು ಲೆಕ್ಕ, ಬಿಲ್ಲು ಇಟ್ಟುಕೊಳ್ಳಬೇಕು.

ಪಾತ್ರೆ ಮತ್ತೆ ತರಬಹುದು. ಹಳೆ ಟಿಸಿ ಕಳೆದರೆ ಮಾತ್ರ ಶಾಲೆಗೂ ಕಚೇರಿಗೂ ಅಲೀಬೇಕಾಗ್ತದ ನೋಡ್ರಿ.