ಕಾಣದ ದಿನದ ಲೆಕ್ಕ

ಸ್ವೀಡನ್ನಿನ ಕಡಲಲ್ಲಿ ಮರಿ ಹಾಕಿ ಬಾಳುವ ತಿಮಿಂಗಿಲ ಬಳಗದ ಪ್ರಾಣಿ ಒಂದೇ ಒಂದು. ಇಂಗ್ಲಿಷಿನಲ್ಲಿ ಅದು ಹಾರ್ಬರ್ ಪಾರ್ಪಾಯ್ಸ್, ಅಲ್ಲಿನವರ ಬಾಯಲ್ಲಿ ತುಮ್ಲಾರೆ. ಬೆಳೆದ ಪ್ರಾಣಿ ಸುಮಾರು ಒಂದೂವರೆ ಮೀಟರ್ ಉದ್ದ, 50–60 ಕಿಲೋ ತೂಕ. ಡಾಲ್ಫಿನ್ನಿನಂತೆ ನೀರಿನಿಂದ ಚಿಮ್ಮಿ ಕುಣಿಯುವ ಜಾಯಮಾನ ಇದರದಲ್ಲ. ಉಸಿರಿಗೆಂದು ಮೇಲೆ ಬಂದಾಗ ಕಪ್ಪು ಬೆನ್ನು, ಅದರ ಮೇಲಿನ ಮುಕ್ಕೋನದ ಪುಟ್ಟ ಈಜುರೆಕ್ಕೆ ಒಂದೆರಡು ಕ್ಷಣ ಕಂಡು ಮರೆಯಾಗುತ್ತವೆ. ಅಲೆ ತುಸು ಎದ್ದಿದ್ದರೆ ಅಷ್ಟೂ ಕಾಣದು. ಇಂಥದ್ದನ್ನು ಎಣಿಸಲು ಪರಿಣತರೇ ತಿಣುಕುತ್ತಿರುವಾಗ, ದಡದಲ್ಲಿ ದುರ್ಬೀನು ಹಿಡಿದು ನಿಂತ ಹವ್ಯಾಸಿಗಳಿಂದ ವಿಜ್ಞಾನಕ್ಕೆ ಏನು ಸಿಕ್ಕೀತು ಎಂಬ ಪ್ರಶ್ನೆ ಸಹಜ. ವರ್ಷಗಟ್ಟಲೆ ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ ನೋಡಿ ಬರೆದಿಟ್ಟರೆ, ಹಡಗು ವಿಮಾನಗಳಿಂದಲೂ ಸಿಗದ ಒಂದು ಸಂಗತಿ ಅವರಿಂದ ಸಿಗುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಪರಿಣತರ ಎಣಿಕೆಯ ಶಕ್ತಿ ಮತ್ತು ಮಿತಿ ಎರಡನ್ನೂ ನೋಡೋಣ. ಬಾಲ್ಟಿಕ್ ಸಮುದ್ರದ ನಡುಭಾಗದಲ್ಲಿರುವ ತುಮ್ಲಾರೆಗಳದು ಪ್ರತ್ಯೇಕ ಸಂತತಿ. ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದ್ದು. 2011ರಿಂದ 2013ರವರೆಗೆ ಎಂಟು ದೇಶಗಳು ಸೇರಿ ‘ಸಾಂಬಾ’ ಎಂಬ ಯೋಜನೆಯಡಿ ಸಮುದ್ರದೊಳಗೆ 304 ಕಡೆ ಶಬ್ದಗ್ರಾಹಕಗಳನ್ನು ಇಳಿಬಿಟ್ಟವು. ಈ ಪ್ರಾಣಿ ದಾರಿ ಮತ್ತು ಬೇಟೆ ಹುಡುಕಲು ಹೊರಡಿಸುವ, ನಮ್ಮ ಕಿವಿಗೆ ನಿಲುಕದ ಸುಮಾರು 130 ಕಿಲೋಹರ್ಟ್ಜ್‌ನ ‘ಕ್ಲಿಕ್’ ಸದ್ದುಗಳನ್ನು ಅವು ದಾಖಲಿಸಿದವು. ಗಾಟ್‌ಲ್ಯಾಂಡ್ ದ್ವೀಪದ ದಕ್ಷಿಣಕ್ಕಿರುವ ಹೂಬರ್ಗ್ ಮತ್ತು ಮಿಡ್‌ಶೋ ದಿಬ್ಬಗಳ ಸುತ್ತ ಇವುಗಳ ಮುಖ್ಯ ಸಂತಾನ ನೆಲೆ ಇದೆ ಎಂಬುದು ಖಚಿತವಾದದ್ದು ಹೀಗೆ. 2016ರಲ್ಲಿ ಸ್ವೀಡನ್ ಆ ಪ್ರದೇಶವನ್ನು ಸಂರಕ್ಷಿತವೆಂದು ಸಾರಿತು. ದೊಡ್ಡ ಗೆಲುವೇ ಸರಿ. ಆದರೆ ಎಷ್ಟಿವೆ ಎಂಬುದಕ್ಕೆ ಸಿಕ್ಕ ಉತ್ತರ ಸುಮಾರು 500. ನಿಜ ಸಂಖ್ಯೆ 71ರಿಂದ 1,105ರ ನಡುವೆ ಎಲ್ಲಾದರೂ ಇರಬಹುದು. ಇನ್ನೊಂದು ಎಣಿಕೆಯಲ್ಲಿ 350 ಎಂದು ಬಂದರೆ, ಪ್ರಾಣಿಗಳು ಕಡಿಮೆಯಾದವೋ ಅಂದಾಜು ಅತ್ತಿತ್ತ ಆಯಿತೋ ಹೇಳುವುದು ಹೇಗೆ?

ಸ್ವೀಡನ್ನಿನ ನೈಋತ್ಯ ಅಂಚಿಗೆ ತಾಗಿದ ಬೆಲ್ಟ್ ಸಮುದ್ರದ ಸಂತತಿಯ ಕಥೆ ಇನ್ನೂ ಚಿಂತೆಗೆ ಹಚ್ಚುವಂಥದ್ದು. ಅಲ್ಲಿ ಹಡಗು, ವಿಮಾನಗಳಿಂದ ನಡೆದ ಸಮೀಕ್ಷೆಗಳ ಅಂದಾಜು 2012 ಮತ್ತು 2016ರಲ್ಲಿ 40 ಸಾವಿರದ ಆಸುಪಾಸು, 2020ರಲ್ಲಿ ಸುಮಾರು 17 ಸಾವಿರ, 2022ರಲ್ಲಿ ಸುಮಾರು 14 ಸಾವಿರ. 2016 ಮತ್ತು 2020ರ ನಡುವೆ ಆದದ್ದೇನು? ಸತ್ತವೇ, ಬೇರೆಡೆಗೆ ಸರಿದವೇ, ಮರಿಗಳು ಹುಟ್ಟುವುದೇ ಕಡಿಮೆಯಾಯಿತೇ? ಎರಡು ಎಣಿಕೆಗಳ ನಡುವಿನ ಖಾಲಿ ಜಾಗಕ್ಕೆ ಎಣಿಕೆಯೇ ಉತ್ತರ ಕೊಡಲಾರದು. ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದರೂ ಊರಿನ ಜನನ ಮರಣದ ರಿಜಿಸ್ಟರ್ ನಮಗೆ ಬೇಕಲ್ಲವೆ? ಕಡಲಿನ ಮಟ್ಟಿಗೆ ಆ ರಿಜಿಸ್ಟರನ್ನು ಹಿಡಿಯಬಲ್ಲವರು, ಸಂಬಳವಿಲ್ಲದೆ ಪ್ರತಿವರ್ಷ ಹಾಜರಾಗುವ ಈ ಜನ.

ಇದು ಬರೀ ಆಶಯವಲ್ಲ. ನೆದರ್ಲೆಂಡ್ಸ್‌ನಲ್ಲಿ 1970ರ ದಶಕದಿಂದ ಹಕ್ಕಿಪ್ರಿಯರು ಕಡಲತೀರದಲ್ಲಿ ಕೂತು, ಎಷ್ಟು ಗಂಟೆ ನೋಡಿದೆವು ಎಂಬುದನ್ನೂ ನಮೂದಿಸುತ್ತ ಕಡಲಹಕ್ಕಿಗಳನ್ನು ಎಣಿಸುತ್ತ ಬಂದರು. ಕಣ್ಣಿಗೆ ಬಿದ್ದ ಪಾರ್ಪಾಯ್ಸ್‌ಗಳನ್ನೂ ಬರೆದಿಟ್ಟರು. ಆ ತೀರದಿಂದ ಹೆಚ್ಚುಕಡಿಮೆ ಕಣ್ಮರೆಯಾಗಿದ್ದ ಪ್ರಾಣಿ ವರ್ಷದಿಂದ ವರ್ಷಕ್ಕೆ ಮರಳುತ್ತಿರುವುದು ಅವರ ಪುಸ್ತಕಗಳಲ್ಲಿ 1990ರ ದಶಕದಲ್ಲೇ ಮೂಡಿತ್ತು. ಉತ್ತರ ಸಮುದ್ರದ ದೊಡ್ಡ ಸಮೀಕ್ಷೆ ಮೊದಲು ನಡೆದದ್ದು 1994ರಲ್ಲಿ, ಮತ್ತೆ ನಡೆದದ್ದು 2005ರಲ್ಲಿ. ಒಟ್ಟು ಸಂಖ್ಯೆ ಹೆಚ್ಚು ಬದಲಾಗಿಲ್ಲ, ಪ್ರಾಣಿಗಳು ಉತ್ತರದಿಂದ ದಕ್ಷಿಣಕ್ಕೆ ಸರಿದಿವೆ ಎಂದು ಅದು ತೋರಿಸಿತು. ಇಲ್ಲಿ ಪಾಠ ಎರಡೂ ಕಡೆಗಿದೆ. ದಡದ ಲೆಕ್ಕವನ್ನಷ್ಟೇ ನಂಬಿದ್ದರೆ ಸಂತತಿಯೇ ಹೆಚ್ಚಿತೆಂದು ಹಿಗ್ಗುತ್ತಿದ್ದೆವು. ದೊಡ್ಡ ಸಮೀಕ್ಷೆಯನ್ನಷ್ಟೇ ನಂಬಿದ್ದರೆ ಬದಲಾವಣೆ ಯಾವ ವರ್ಷಗಳಲ್ಲಿ, ಯಾವ ವೇಗದಲ್ಲಿ ಆಯಿತೆಂಬುದು ತಿಳಿಯುತ್ತಲೇ ಇರಲಿಲ್ಲ.

ಇನ್ನು ಆಕ್ಷೇಪಗಳು. ಜನ ಹೋಗುವುದು ಚೆಂದದ ಜಾಗಕ್ಕೆ, ಬೇಸಿಗೆಯಲ್ಲಿ, ಕಡಲು ಶಾಂತವಾಗಿದ್ದಾಗ. ಹಾಗಾಗಿ ಅವರ ಲೆಕ್ಕ ಪ್ರಾಣಿಗಳಿಗಿಂತ ಜನರದೇ ಓಡಾಟವನ್ನು ತೋರಿಸುತ್ತದೆ ಎನ್ನುವುದು ಮೊದಲನೆಯದು. ಮಾತು ನಿಜ. ಸ್ಟಾಕ್‌ಹೋಮಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಸಾರ್ವಜನಿಕರು ಕಳಿಸುವ ತುಮ್ಲಾರೆ ವರದಿಗಳಿಗೂ ಇದು ಅನ್ವಯಿಸುತ್ತದೆ: ಕಂಡವರು ತಿಳಿಸುತ್ತಾರೆ, ದಿನವಿಡೀ ನೋಡಿಯೂ ಕಾಣದವರು ಸುಮ್ಮನಿರುತ್ತಾರೆ. ಮಲೆನಾಡಿನ ಕಾಫಿ ತೋಟಗಳ ಮಳೆ ಲೆಕ್ಕದ ಪುಸ್ತಕವನ್ನು ನೆನೆಯಿರಿ. ಇಂಚು, ಸೆಂಟ್ಸ್‌ಗಳಲ್ಲಿ ಅಜ್ಜನ ಕಾಲದಿಂದ ಬರೆದ ಆ ಪುಸ್ತಕಕ್ಕೆ ಬೆಲೆ ಬಂದಿರುವುದು ಮಳೆ ಬಾರದ ದಿನದ ಸೊನ್ನೆಯನ್ನೂ ತಪ್ಪದೆ ಬರೆದದ್ದರಿಂದ. ಸುರಿದ ದಿನಗಳನ್ನಷ್ಟೇ ಬರೆದಿದ್ದರೆ, ಖಾಲಿ ಬಿಟ್ಟ ದಿನ ಮಳೆ ಬರಲಿಲ್ಲವೋ, ಬರೆಯುವವರು ಊರಲ್ಲಿರಲಿಲ್ಲವೋ ಎಂದು ಇಂದು ಯಾರು ಹೇಳಿಯಾರು? ಪರಿಹಾರದ ದಾರಿಯನ್ನು ಸ್ವೀಡನ್ನಿನ ಹಕ್ಕಿ ಗಣತಿಯೇ ತೋರಿಸಿದೆ. 1975ರಲ್ಲಿ ಶುರುವಾದಾಗ ಎಣಿಸುವವರು ತಮಗಿಷ್ಟದ ಜಾಗ ಆರಿಸಿಕೊಳ್ಳುತ್ತಿದ್ದರು. 1996ರಿಂದ ಇಡೀ ದೇಶದ ಮೇಲೆ ಸಮನಾಗಿ ಹರಡಿದ 716 ನಿಗದಿತ ದಾರಿಗಳನ್ನು ಅದಕ್ಕೆ ಸೇರಿಸಲಾಯಿತು. ದಾರಿ ಜೌಗಿಗೆ ಬೀಳಲಿ, ಕಾಡಿಗೆ ಬೀಳಲಿ, ನಡೆದು ಎಣಿಸಬೇಕು. ಹವ್ಯಾಸಿಗಳನ್ನು ಕೈಬಿಡದೆ ಕ್ರಮವನ್ನು ಬಿಗಿಗೊಳಿಸಲಾಯಿತು. ನೋಡಿದ ಅವಧಿ, ಅಲೆಯ ಮಟ್ಟ, ಕಾಣದ ದಿನ ಇಷ್ಟನ್ನು ಬರೆದರೆ ಕಡಲತೀರದ ಲೆಕ್ಕಕ್ಕೂ ಅದೇ ಘನತೆ ಬರುತ್ತದೆ.

ಶಬ್ದಗ್ರಾಹಕವಿರುವಾಗ ಮನುಷ್ಯರೇಕೆ ಎನ್ನುವುದು ಎರಡನೆಯ ಆಕ್ಷೇಪ. ಪ್ರಾಣಿ ಅತಿ ವಿರಳವಾದ ಬಾಲ್ಟಿಕ್‌ನಲ್ಲಿ ಕಣ್ಣಿಗಿಂತ ಉಪಕರಣವೇ ಮೇಲು, ಸಂಶಯವಿಲ್ಲ. ಅಲ್ಲಿ 2017ರಲ್ಲಿ ಆರಂಭವಾದ ನಿರಂತರ ದಾಖಲೆಯನ್ನು ಸಾಂಬಾ ದಾಖಲೆಯೊಡನೆ ಹೋಲಿಸಿದಾಗ ಕ್ಲಿಕ್‌ಗಳು ಸಿಗುವ ಪ್ರಮಾಣ ಹೆಚ್ಚಿದ್ದು ಕಂಡಿತು. 2021ರಲ್ಲಿ ಅದು ಪ್ರಕಟವೂ ಆಯಿತು. ಅದೇ ಜಾಗದಲ್ಲಿ ಮತ್ತೆ ಕೇಳಿಸಿಕೊಂಡದ್ದೇ ಆ ಫಲಿತಾಂಶದ ಬೆನ್ನೆಲುಬು ಎಂಬುದನ್ನು ಗಮನಿಸಬೇಕು. ಆದರೆ ಯಂತ್ರ ಕೇಳುವುದು ಕೆಲವು ನೂರು ಮೀಟರ್‌ಗಳ ವ್ಯಾಪ್ತಿಯಲ್ಲಿ. ಜೊತೆಯಲ್ಲಿ ಮರಿಯಿತ್ತೇ ಎಂದು ಅದು ಸಲೀಸಾಗಿ ಹೇಳದು. ಸತ್ತ ಪ್ರಾಣಿಯಂತೂ ಕ್ಲಿಕ್ ಮಾಡದು. ದಡಕ್ಕೆ ಬಂದು ಬಿದ್ದ ಹೆಣವನ್ನು ಯಾರೋ ಕಂಡು ತಿಳಿಸಿದರೆ ಮಾತ್ರ ಅದು ಮರಣೋತ್ತರ ಪರೀಕ್ಷೆಗೆ ಹೋಗುತ್ತದೆ. ಮೀನುಬಲೆಯಲ್ಲಿ ಉಸಿರುಗಟ್ಟಿ ಸತ್ತಿತೋ, ರೋಗದಿಂದಲೋ, ಕೊಬ್ಬಿನಲ್ಲಿ ಪಿಸಿಬಿಯಂಥ ವಿಷ ಎಷ್ಟು ಸೇರಿತ್ತೋ ತಿಳಿಯುವುದು ಅಲ್ಲಿಯೇ.

ಎಣಿಸಿದ ಮಾತ್ರಕ್ಕೆ ಉಳಿಯುತ್ತವೆಯೇ ಎಂಬುದು ಕೊನೆಯ, ಎಲ್ಲಕ್ಕಿಂತ ತೂಕದ ಆಕ್ಷೇಪ. ಉಳಿಯುವುದಿಲ್ಲ. ಬಾಲ್ಟಿಕ್ ತೀರದ ಬಿಳಿಬಾಲದ ಹದ್ದು ಚೇತರಿಸಿಕೊಂಡದ್ದು ಡಿಡಿಟಿ, ಪಿಸಿಬಿಗಳಿಗೆ ಕಡಿವಾಣ ಬಿದ್ದ ಮೇಲೆ. ಆದರೆ 1971ರಲ್ಲಿ ಶುರುವಾದ ಹದ್ದು ಯೋಜನೆಯಲ್ಲಿ ಸ್ವಯಂಸೇವಕರು ವರ್ಷ ವರ್ಷವೂ ಗೂಡುಗಳನ್ನು ನೋಡಿ ಬಂದಿರದಿದ್ದರೆ, ಮರಿಗಳ ಕೊರತೆ ಎಷ್ಟು ಗಂಭೀರ, ನಿಷೇಧ ಫಲ ಕೊಟ್ಟಿತೇ ಎಂಬುದಕ್ಕೆ ಅಂಥ ಗಟ್ಟಿ ಪುರಾವೆ ಇರುತ್ತಿರಲಿಲ್ಲ. ತುಮ್ಲಾರೆ ಹೆರುವುದು ಒಮ್ಮೆಗೆ ಒಂದೇ ಮರಿ. ಬಲೆಗಳಿಗೆ ಇಂದು ನಿರ್ಬಂಧ ಹೇರಿದರೂ ಅದರ ಫಲ ಒಂದು ಅನುದಾನದ ಅವಧಿಯಲ್ಲಿ, ಒಂದು ಸರ್ಕಾರದ ಅವಧಿಯಲ್ಲಿ ಕಣ್ಣಿಗೆ ಕಾಣುವಂಥದ್ದಲ್ಲ. ಆಗ ಮೀನುಗಾರರು ನ್ಯಾಯವಾಗಿಯೇ ಕೇಳುತ್ತಾರೆ: ನಾವು ಬಿಟ್ಟುಕೊಟ್ಟದ್ದರಿಂದ ಏನಾಯಿತು? ಅವರ ಮುಂದೆ ಇಡಬಹುದಾದ ಉತ್ತರ, ನಿರ್ಬಂಧಕ್ಕೆ ಮೊದಲಿನ ಹತ್ತು ವರ್ಷ ಮತ್ತು ಅನಂತರದ ಇಪ್ಪತ್ತು ವರ್ಷ ಒಂದೇ ಕ್ರಮದಲ್ಲಿ ಬರೆದ ಪುಟಗಳು. ಮೊದಲಿನ ಆ ಪುಟಗಳನ್ನು ಆಮೇಲೆ ಬರೆಯಲು ಬರುವುದಿಲ್ಲ.